ಮೇಲಿನಿಂದ ಕಂಡ ನಮ್ಮ ಮನೆ



ಈ ತಿಂಗಳು ಡ್ರೋನ್ ಛಾಯಾಗ್ರಹಣದ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಹಿರಿಯರೊಬ್ಬರು ನಕ್ಕರು. "ಫಾದರ್, ನಮ್ಮಂಥವರ ಮನೆಯಲ್ಲಿ ಡ್ರೋನ್ ಎಲ್ಲಿಂದ ಬರಬೇಕು?" ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಮದುವೆ ಮನೆಗೆ, ಶಾಲೆಯ ವಾರ್ಷಿಕೋತ್ಸವಕ್ಕೆ, ಹಬ್ಬದ ಮೆರವಣಿಗೆಗೆ ಆ ಜೇನುಹುಳದ ಸದ್ದಿನ ಯಂತ್ರ ಈಗಾಗಲೇ ಬಂದಾಗಿದೆ. ನಮ್ಮ ಹುಡುಗರಲ್ಲಿ ಕೆಲವರು ಸಾಲ ಮಾಡಿಯಾದರೂ ಕೊಂಡಿದ್ದಾರೆ. ಕೊಳ್ಳುವುದನ್ನು ಅಂಗಡಿಯವರು ಹೇಳಿಕೊಡುತ್ತಾರೆ, ಹಾರಿಸುವುದನ್ನು ಯಂತ್ರವೇ ಅರ್ಧ ಕಲಿಸಿಬಿಡುತ್ತದೆ. ಆದರೆ ಚಿತ್ರವನ್ನು ಹೇಗೆ ಕಟ್ಟಬೇಕು, ಚೌಕಟ್ಟಿನೊಳಗೆ ಏನಿರಬೇಕು, ಏನಿರಬಾರದು ಎಂಬುದನ್ನು ಯಾರು ಹೇಳಿಕೊಡುತ್ತಾರೆ? ಇದನ್ನೇ ಛಾಯಾಗ್ರಾಹಕರು ಕಾಂಪೋಸಿಷನ್ ಎನ್ನುತ್ತಾರೆ. ನಾವು ಚಿತ್ರ ಸಂಯೋಜನೆ ಎನ್ನೋಣ.

ಪಾಠವನ್ನು ಪಾಠದಂತೆ ಹೇಳಿದರೆ ತಲೆಗೆ ಹತ್ತುವುದಿಲ್ಲ. ಆದ್ದರಿಂದ ಒಂದು ಮನೆಯ ಕಥೆಯ ಮೂಲಕ ಹೇಳುತ್ತೇನೆ.

ಇದರಾಗ ನಮ್ಮ ಮನಿ ಯಾವುದು?

2024ರ ಡಿಸೆಂಬರ್‌ನಲ್ಲಿ ನಾನು ಮಹಾರಾಷ್ಟ್ರದ ಮಾಧವನಗರಕ್ಕೆ ಹೋಗಿದ್ದೆ. ಸಾಂಗ್ಲಿಗೆ ಅಂಟಿಕೊಂಡಂತಿರುವ ಊರು ಅದು. ಮಗ್ಗ, ಮಿಲ್ಲುಗಳ ಊರೆಂದೇ ಹೆಸರು. ಅಲ್ಲಿ ನನಗೆ ಪರಿಚಯದ ಒಂದು ಕುಟುಂಬವಿದೆ. ಮನೆಯ ಅಜ್ಜ ಬಹಳ ವರ್ಷಗಳ ಹಿಂದೆ ಗೋಕಾಕದ ಕಡೆಯಿಂದ ಮಿಲ್ ಕೆಲಸಕ್ಕೆಂದು ಬಂದು ಅಲ್ಲಿಯೇ ನೆಲೆ ನಿಂತವರು. ಹೊರಗೆ ಮರಾಠಿ, ಒಳಗೆ ಕನ್ನಡ. ಮಕ್ಕಳು ಜಗಳವಾಡುವುದು ಮರಾಠಿಯಲ್ಲಿ, ಅಜ್ಜಿಯ ಹತ್ತಿರ ದೂರು ಹೇಳುವುದು ಕನ್ನಡದಲ್ಲಿ! ಅಜ್ಜ ಈಗಿಲ್ಲ. ಅವರು ಕಟ್ಟಿಸಿದ ಹಂಚಿನ ಮನೆ ಮಾತ್ರ ಉಳಿದಿತ್ತು. ಅದಕ್ಕೂ ದಿನಗಳು ಎಣಿಕೆಯಾಗಿದ್ದವು. ಗೋಡೆ ಬಿರುಕು ಬಿಟ್ಟಿತ್ತು, ಅಣ್ಣತಮ್ಮಂದಿರು ಸೇರಿ ಅದೇ ಜಾಗದಲ್ಲಿ ಹೊಸ ಮನೆ ಕಟ್ಟಿಸುವವರಿದ್ದರು. ಕ್ರಿಸ್ತಜಯಂತಿಯನ್ನು ಹಳೆಯ ಮನೆಯಲ್ಲಿ ಕೊನೆಯ ಸಲ ಆಚರಿಸಿ, ಜನವರಿಯಲ್ಲಿ ಕೆಡವುವುದೆಂದು ತೀರ್ಮಾನವಾಗಿತ್ತು.

ಅಜ್ಜಿ ಕೇಳಿದ್ದು ಒಂದೇ: "ಹೊಸ ಮನಿಯಾಗ ಹಾಕಾಕ ಹಳೇ ಮನೀದು ಒಂದು ಚಂದನ ಫೋಟೋ ಬೇಕು."

ಮೊಮ್ಮಗನಿಗೆ ಇಷ್ಟು ಸಾಕಾಯಿತು. ಆತ ಆಗಷ್ಟೇ ಒಂದು ಸಣ್ಣ ಡ್ರೋನ್ ತಂದಿದ್ದ. ಮುಂದೆ ಮದುವೆಗಳ ಚಿತ್ರೀಕರಣ ಮಾಡಿ ಬದುಕು ಕಟ್ಟಿಕೊಳ್ಳುವ ಆಸೆ ಅವನದು. ಮಧ್ಯಾಹ್ನ 12 ಗಂಟೆಗೆ ಡ್ರೋನನ್ನು ನೇರ ಮೇಲಕ್ಕೆ ಕಳಿಸಿದ. ಪರದೆಯಲ್ಲಿ 118 ಮೀಟರ್ ಎಂದು ತೋರಿಸಿತು. ಕ್ಲಿಕ್ಕಿಸಿದ. ಮರುದಿನ ಸಾಂಗ್ಲಿಗೆ ಹೋಗಿ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬಂದ. ಇಡೀ ಮಾಧವನಗರ ಅದರಲ್ಲಿತ್ತು. ದೂರದ ಹೊಲಗಳು, ರಸ್ತೆ, ಸಾಲು ಸಾಲು ಕಟ್ಟಡಗಳು, ಮೇಲೆ ಬಿಳಿಚಿಕೊಂಡ ಆಕಾಶ.

ಅಜ್ಜಿ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. "ಚಂದ ಐತಿ ಬಿಡು ತಮ್ಮಾ. ಆದ್ರ ಇದರಾಗ ನಮ್ಮ ಮನಿ ಯಾವುದು?"

"ಇಲ್ಲೇ ಐತಿ ನೋಡ ಆಯೀ" ಎಂದು ಹುಡುಗ ಬೆರಳಿಟ್ಟ. ಅಲ್ಲಿರಲಿಲ್ಲ. ಸ್ವಲ್ಪ ಎಡಕ್ಕೆ ಸರಿಸಿದ. ಅಲ್ಲಿಯೂ ಇರಲಿಲ್ಲ. ಕೊನೆಗೆ ನೀರಿನ ಟ್ಯಾಂಕಿನ ಗುರುತು ಹಿಡಿದು ಹುಡುಕಿದಾಗ ಉಗುರಿನಷ್ಟು ಕೆಂಪು ಚುಕ್ಕೆಯೊಂದು ಸಿಕ್ಕಿತು. ಅಜ್ಜಿ ಏನೂ ಅನ್ನಲಿಲ್ಲ. ನನ್ನ ಕಡೆ ತಿರುಗಿ, "ಫಾದರ್, ನೀವಾರ ಏನರ ಹೇಳ್ರಿ" ಎಂದರು. ನಾನು ಸೆಮಿನರಿಯಲ್ಲಿದ್ದಾಗ ಫೋಟೋ ಹುಚ್ಚು ಹತ್ತಿಸಿಕೊಂಡವನು ಎಂಬುದು ಆ ಮನೆಯವರಿಗೆ ಗೊತ್ತು.

ಎತ್ತರ ಪುಕ್ಕಟೆ, ಅದಕ್ಕೇ ಎಚ್ಚರ

ನಾವು ಕಲಿಯುವಾಗ ರೀಲಿನ ಕ್ಯಾಮೆರಾ. ಒಂದು ರೀಲಿಗೆ 36 ಚಿತ್ರ. ನಮಗೆ ಕಲಿಸಿದ ಹಿರಿಯ ಗುರುಗಳು, "ಗುಂಡಿ ಒತ್ತುವ ಮೊದಲು ಚೌಕಟ್ಟಿನ ನಾಲ್ಕು ಮೂಲೆಗಳನ್ನು ನೋಡು. ಮೂಲೆಯಲ್ಲಿ ಕಸವಿದ್ದರೆ ಚಿತ್ರದಲ್ಲೂ ಕಸ" ಎನ್ನುತ್ತಿದ್ದರು. ಡ್ರೋನಿಗೂ ಇದೇ ಮಾತು ಸಲ್ಲುತ್ತದೆ. ಆದರೆ ಡ್ರೋನ್ ಕೈಗೆ ಬಂದಾಗ ಎಲ್ಲರೂ ಮೊದಲು ಮಾಡುವ ತಪ್ಪು ಒಂದೇ: ಎಷ್ಟು ಎತ್ತರಕ್ಕೆ ಹೋಗಬಹುದೋ ಅಷ್ಟೂ ಹೋಗಿಬಿಡುವುದು.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಮಕ್ಕಳು ಬರೆದಿಟ್ಟುಕೊಳ್ಳಲಿ. ಸಾಮಾನ್ಯ ಡ್ರೋನ್ ಕ್ಯಾಮೆರಾದ ಮಸೂರ ಅಗಲ ನೋಟದ್ದು. ನೇರ ಕೆಳಕ್ಕೆ ನೋಡಿದಾಗ ಅದು ಹಿಡಿಯುವ ನೆಲದ ಅಗಲ, ಹಾರುವ ಎತ್ತರದ ಸುಮಾರು ಒಂದೂವರೆ ಪಟ್ಟು. ಅಂದರೆ 118 ಮೀಟರ್ ಎತ್ತರದಲ್ಲಿ ಸುಮಾರು 170 ಮೀಟರ್ ಅಗಲದ ನೆಲ ಚಿತ್ರದೊಳಗೆ ಬರುತ್ತದೆ. ಅದರಲ್ಲಿ 10 ಮೀಟರ್ ಅಗಲದ ಮನೆ ಹದಿನೇಳರಲ್ಲಿ ಒಂದು ಪಾಲು ಮಾತ್ರ! ಕ್ಯಾಮೆರಾವನ್ನು ದಿಗಂತದ ಕಡೆಗೆ ಎತ್ತಿದರಂತೂ ಹೇಳುವುದೇ ಬೇಡ. ಅದೇ 20 ಮೀಟರ್ ಎತ್ತರಕ್ಕೆ ಇಳಿದರೆ ಸುಮಾರು 30 ಮೀಟರ್ ನೆಲ. ಮನೆ ಚಿತ್ರದ ಮೂರನೇ ಒಂದು ಭಾಗವನ್ನು ತುಂಬುತ್ತದೆ. ಆದ್ದರಿಂದ ಮೊದಲ ಸೂತ್ರ: ವಿಷಯ ಎಷ್ಟು ದೊಡ್ಡದೋ ಅಷ್ಟೇ ಎತ್ತರ ಸಾಕು. ಒಂದು ಮನೆಗೆ 15ರಿಂದ 30 ಮೀಟರ್ ಧಾರಾಳವಾಯಿತು. ಒಂದು ಕೇರಿಗೆ, ಚರ್ಚಿನ ಆವರಣಕ್ಕೆ 50 ಮೀಟರ್ ಆಸುಪಾಸು. ಇಡೀ ಊರೇ ವಿಷಯವಾದಾಗ ಮಾತ್ರ ಅದಕ್ಕಿಂತ ಮೇಲೆ.

ಆಕಾಶದಿಂದ ಚಿತ್ರ ತೆಗೆಯುವ ಆಸೆ ಹೊಸದೇನಲ್ಲ. 1858ರಲ್ಲಿಯೇ ಫ್ರಾನ್ಸಿನ ನಾದಾರ್ ಎಂಬಾತ ಬಲೂನಿನಲ್ಲಿ ಏರಿ ಪ್ಯಾರಿಸ್ ಸಮೀಪದ ಹಳ್ಳಿಯ ಚಿತ್ರ ತೆಗೆದಿದ್ದ. ಆ ಚಿತ್ರ ಉಳಿದಿಲ್ಲ. 1860ರಲ್ಲಿ ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ಬಲೂನಿನಿಂದ ತೆಗೆದ ಅಮೆರಿಕದ ಬಾಸ್ಟನ್ ನಗರದ ಚಿತ್ರ ಇಂದಿಗೂ ಇದೆ. ಇನ್ನೂ ತಮಾಷೆಯ ಸಂಗತಿಯೆಂದರೆ, 1907ರಲ್ಲಿ ಜರ್ಮನಿಯ ಔಷಧ ವ್ಯಾಪಾರಿ ಯೂಲಿಯುಸ್ ನ್ಯೂಬ್ರೋನರ್ ಪಾರಿವಾಳದ ಎದೆಗೆ ಪುಟ್ಟ ಕ್ಯಾಮೆರಾ ಕಟ್ಟಿ ಹಾರಿಬಿಟ್ಟ! ಕ್ಯಾಮೆರಾ ಗೊತ್ತಾದ ಹೊತ್ತಿಗೆ ತಾನೇ ಕ್ಲಿಕ್ಕಿಸುತ್ತಿತ್ತು. ಪಾರಿವಾಳ ಎಲ್ಲಿ ಹಾರುತ್ತಿತ್ತೋ ಅದೇ ಚಿತ್ರ. ಕೆಲವದರಲ್ಲಿ ಹಕ್ಕಿಯ ರೆಕ್ಕೆಯೇ ಅಡ್ಡ ಬಂದಿದೆ. ಪಾರಿವಾಳಕ್ಕೆ ಚೌಕಟ್ಟಿನ ಪರಿವೆ ಇಲ್ಲ. ಯೋಚಿಸದೆ ಮೇಲಕ್ಕೇರಿಸಿ ಗುಂಡಿ ಒತ್ತುವವನೂ ಒಂದು ಬಗೆಯ ಪಾರಿವಾಳವೇ ಎಂದು ಆ ಹುಡುಗನಿಗೆ ಹೇಳಿದೆ. ಅವನು ನಕ್ಕ. ಆಮೇಲೆ, "ಮತ್ತ ಹೆಂಗ ತೆಗೀಬೇಕ್ರಿ ಫಾದರ್?" ಎಂದು ಕೇಳಿದ.

ಒಂದು ಎಡವಟ್ಟು, ಒಂದು ಪಾಠ

ಮರುದಿನ ಸಂಜೆ ಅವನು ಕೆಳಗಿಳಿದು ಹಾರಿಸಿದ. ಆದರೆ ಮನೆಯ ಹಿಂಬದಿಯಿಂದ. ಅಲ್ಲಿ ಜಾಗ ಖಾಲಿ ಇದೆ, ಮರ-ತಂತಿಗಳ ಅಡ್ಡಿಯಿಲ್ಲ ಎಂಬುದು ಅವನ ಲೆಕ್ಕ. ಆ ಖಾಲಿ ಜಾಗ ನೆರೆಮನೆಯವರ ಹಿತ್ತಲು. ಅಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಣ್ಣುಮಗಳು ತಲೆಯ ಮೇಲೆ ಗುಂಯ್‌ಗುಡುವ ಯಂತ್ರ ಕಂಡು ಸೆರಗು ಎಳೆದುಕೊಂಡು ಒಳಗೆ ಓಡಿದಳು. ಐದು ನಿಮಿಷದಲ್ಲಿ ಅವಳ ಗಂಡ ಬಾಗಿಲಲ್ಲಿ ನಿಂತಿದ್ದ. ಮಾತು ಬಿರುಸಾಗುವ ಮೊದಲೇ ಅಜ್ಜಿ ಎದ್ದು ಹೋಗಿ ಮರಾಠಿಯಲ್ಲಿ ಸಮಾಧಾನ ಹೇಳಿದರು. ಹುಡುಗ ಕೈಮುಗಿದು ಕ್ಷಮೆ ಕೇಳಿ, ಅವರೆದುರೇ ಆ ಚಿತ್ರಗಳನ್ನು ಅಳಿಸಿದ.

ಬಾಂಧವರೇ, ಕಿಟಕಿಯಿಂದ ಇಣುಕಿದರೆ ನಾವು ತಪ್ಪೆನ್ನುತ್ತೇವೆ. ಆಕಾಶದಿಂದ ಇಣುಕಿದರೆ ಕಲೆ ಎನ್ನಬಹುದೇ? ಗೋಡೆ ಕಟ್ಟಿಕೊಂಡವರು ಮೇಲೆ ಚಪ್ಪರ ಹಾಕಿಕೊಂಡಿಲ್ಲ ಎಂದ ಮಾತ್ರಕ್ಕೆ ಅವರ ಅಂಗಳ ಊರಿನ ಚಾವಡಿಯಾಗುವುದಿಲ್ಲ. ಹಾರಿಸುವ ಮುಂಚೆ ಅಕ್ಕಪಕ್ಕದವರಿಗೆ ಹೇಳುವುದು ಚಿತ್ರ ಸಂಯೋಜನೆಯ ಮೊದಲ ಹೆಜ್ಜೆ.

ಹೀಗೆ ಹೇಳಲು ಕಾರಣವಿದೆ. ಹಿತ್ತಲ ಕಡೆಯಿಂದ ತೆಗೆಯುವಂತಿಲ್ಲ ಎಂದಾದ ಮೇಲೆ ಹುಡುಗ ಮುಂಬದಿಯ ಓಣಿಗೆ ಬರಬೇಕಾಯಿತು. ಆಗ ತಾನೇ ಅವನ ಕಣ್ಣಿಗೆ ಬಿತ್ತು: ಮನೆಯ ಮುಖವಿರುವುದು ಈ ಕಡೆ! ಬಾಗಿಲು, ಕಟ್ಟೆ, ನುಗ್ಗೆ ಮರ, ಕ್ರಿಸ್ತಜಯಂತಿಗೆ ತೂಗುಹಾಕಿದ ನಕ್ಷತ್ರ ಎಲ್ಲವೂ ಇಲ್ಲಿ. ಮನುಷ್ಯರಂತೆ ಮನೆಗೂ ಮುಖವಿದೆ. ನೆತ್ತಿಯ ಮೇಲಿಂದ ತೆಗೆದರೆ ಯಾರ ಗುರುತೂ ಸಿಗುವುದಿಲ್ಲ.

ಮೂರು ನೋಟಗಳು

ಡ್ರೋನಿನಿಂದ ಮುಖ್ಯವಾಗಿ ಮೂರು ಬಗೆಯಲ್ಲಿ ನೋಡಬಹುದು. ಒಂದನೆಯದು ನೇರ ಕೆಳನೋಟ. ಇದರಲ್ಲಿ ಎಲ್ಲವೂ ರಂಗೋಲಿಯಂತೆ ಚಪ್ಪಟೆಯಾಗುತ್ತದೆ. ಎರಡನೆಯದು ಓರೆನೋಟ, ಕ್ಯಾಮೆರಾವನ್ನು ಸುಮಾರು 45 ಡಿಗ್ರಿ ಬಾಗಿಸುವುದು. ಇಲ್ಲಿ ಛಾವಣಿಯೂ ಕಾಣುತ್ತದೆ, ಗೋಡೆಯೂ ಕಾಣುತ್ತದೆ. ಮೂರನೆಯದು ದಿಗಂತವೂ ಕಾಣುವ ದೂರನೋಟ.

ಯಾವುದಕ್ಕೆ ಯಾವ ನೋಟ ಎಂಬುದಕ್ಕೆ ಸಾಂಗ್ಲಿಯಲ್ಲಿಯೇ ಒಳ್ಳೆಯ ಉದಾಹರಣೆಯಿದೆ. ಕೃಷ್ಣಾ ನದಿಗೆ 1929ರಲ್ಲಿ ಕಟ್ಟಿದ ಆಯರ್ವಿನ್ ಸೇತುವೆ. ಜನರ ಬಾಯಲ್ಲಿ ಆಯರ್ವಿನ್ ಪೂಲ. ಅದರ ಚೆಲುವು ಇರುವುದು ಸಾಲು ಕಮಾನುಗಳಲ್ಲಿ. ನೇರ ಮೇಲಿಂದ ತೆಗೆದರೆ ನೀರಿನ ಮೇಲೆ ಎಳೆದ ಒಂದು ಗೆರೆ ಮಾತ್ರ ಕಾಣುತ್ತದೆ, ಕಮಾನುಗಳು ಮಾಯ! ಕಮಾನು ಬೇಕಿದ್ದರೆ ಪಕ್ಕಕ್ಕೆ ಸರಿದು ತಗ್ಗಿನಲ್ಲಿ ನಿಲ್ಲಬೇಕು. ನೀರು ಶಾಂತವಾಗಿದ್ದರೆ ನೆರಳಿನ ಕಮಾನುಗಳೂ ಸೇರಿ ದುಂಡಗೆ ಕಾಣುತ್ತವೆ. ಇಂಥ ಸಮರೂಪದ ದೃಶ್ಯ ಸಿಕ್ಕಾಗ ವಿಷಯವನ್ನು ಧೈರ್ಯವಾಗಿ ನಟ್ಟ ನಡುವೆ ಇಡಬಹುದು.

2019ರ ಆಗಸ್ಟ್‌ನ ಮಹಾಪ್ರವಾಹ ಆ ಕಡೆಯವರು ಮರೆಯುವಂಥದ್ದಲ್ಲ. ಈ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. ಆ ಸಲ ನೀರು 57 ಅಡಿ ದಾಟಿತ್ತು. ಸಾಂಗ್ಲಿಯ ನೆಂಟರು ನಮ್ಮ ಅಜ್ಜಿಯ ಮನೆಯಲ್ಲಿ ತಂಗಿದ್ದರಂತೆ, ಹಂಚಿನ ಕೆಳಗೆ ಮೂರು ಸಂಸಾರ. ಆಗ ಆಕಾಶದಿಂದ ತೆಗೆದ ಚಿತ್ರಗಳನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ನೀರು ಎಷ್ಟು ದೂರ ಹರಡಿತು ಎಂಬುದನ್ನು ಎತ್ತರದ ಚಿತ್ರ ಹೇಳಿತು. ನೀರು ಎಷ್ಟು ಏರಿತು ಎಂಬುದನ್ನು ಹೇಳಿದ್ದು ತಗ್ಗಿನ ಚಿತ್ರ, ಅಂಗಡಿಯ ಬೋರ್ಡು ಮುಳುಗಿದ ಚಿತ್ರ, ದೋಣಿಯಲ್ಲಿ ಕೂತ ಮುದುಕಿಯ ಮುಖ. ಒಂದೊಂದು ಎತ್ತರಕ್ಕೆ ಒಂದೊಂದು ಮಾತು ಗೊತ್ತು. ನೀವು ಹೇಳಬೇಕಾದ ಮಾತು ಯಾವುದೆಂದು ಮೊದಲು ನಿಶ್ಚಯಿಸಿ, ಆಮೇಲೆ ಎತ್ತರ ಗೊತ್ತುಮಾಡಿ. ಅಂದಹಾಗೆ, ಇಂಥ ವಿಪತ್ತಿನ ಹೊತ್ತಿನಲ್ಲಿ ನಾವು ನೀವು ಡ್ರೋನ್ ಹಾರಿಸಲೇಬಾರದು. ರಕ್ಷಣೆಗೆ ಬರುವ ಹೆಲಿಕಾಪ್ಟರ್‌ಗೆ ಅದು ಅಪಾಯ.

ಗೆರೆ, ಸಾಲು, ಖಾಲಿ ಜಾಗ

ಹುಡುಗನ ಕಣ್ಣು ಪಳಗಲಿ ಎಂದು ಒಂದು ದಿನ ಅವನ ಬೈಕಿನಲ್ಲಿ ಸುತ್ತಾಡಿದೆವು. ಡ್ರೋನ್ ಚೀಲದಲ್ಲೇ ಇತ್ತು. ಕಣ್ಣಿಂದ ನೋಡುವುದಷ್ಟೇ ಅಂದಿನ ಕೆಲಸ.

ತಾಸಗಾವ ಕಡೆಗೆ ಹೋದರೆ ದ್ರಾಕ್ಷಿ ತೋಟಗಳು. ಬಳ್ಳಿಗಳ ಸಾಲು ಬಾಚಣಿಗೆಯಿಂದ ಬಾಚಿದಂತೆ ಓಡುತ್ತವೆ. ಇಂಥ ಸಾಲುಗಳು ನೋಡುವವನ ಕಣ್ಣನ್ನು ಕೈಹಿಡಿದು ನಡೆಸುತ್ತವೆ. ಎಲ್ಲಿಗೆ ನಡೆಸುತ್ತವೆ ಎಂಬುದು ಮುಖ್ಯ. ಸಾಲಿನ ಕೊನೆಯಲ್ಲಿ ಏನೂ ಇಲ್ಲದಿದ್ದರೆ ಕಣ್ಣು ಬರಿಗೈಲಿ ಹಿಂದಿರುಗುತ್ತದೆ. ಕೊನೆಯಲ್ಲಿ ಒಂದು ಗುಡಿಸಲೋ, ಬಾವಿಯೋ, ನಿಂತ ರೈತನೋ ಇದ್ದರೆ ಚಿತ್ರ ಪೂರ್ತಿಯಾಗುತ್ತದೆ. ಗೆರೆಗಳನ್ನು ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಒಳಗೆ ತಂದರೆ ಇನ್ನೂ ಚೆನ್ನ. ಮಿರಜ ಜಂಕ್ಷನ್ನಿನ ಹಳಿಗಳನ್ನು ನೋಡಿ. ಪುಣೆ, ಕೊಲ್ಲಾಪುರ, ಬೆಳಗಾವಿ, ಪಂಢರಪುರ ಎಂದು ನಾಲ್ಕು ಕಡೆಗೆ ಕವಲೊಡೆಯುತ್ತವೆ. ಅಲ್ಲಿ ಅನುಮತಿಯಿಲ್ಲದೆ ಹಾರಿಸುವ ಮಾತೇ ಬೇಡ. ಆದರೆ ಮೇಲ್ಸೇತುವೆಯ ಮೇಲೆ ನಿಂತು ಕವಲುಗಳನ್ನು ನೋಡಿ ಕಲಿಯಲು ಯಾರ ಅಡ್ಡಿಯೂ ಇಲ್ಲ.

ಎರಡನೆಯದು ಅರಿಸಿನ. ಸಾಂಗ್ಲಿಯ ಅರಿಸಿನಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಕೊಯ್ಲಿನ ನಂತರ ಬೇಯಿಸಿದ ಅರಿಸಿನದ ಕೊಂಬುಗಳನ್ನು ಕಣದಲ್ಲಿ ಹರವಿ ಒಣಗಿಸುತ್ತಾರೆ. ನೇರ ಕೆಳನೋಟಕ್ಕೆ ಹೇಳಿ ಮಾಡಿಸಿದ ದೃಶ್ಯ. ಆದರೆ ಬರೀ ಹಳದಿ ಹಾಸು ಇದ್ದರೆ ಕಣ್ಣು ಬೇಗ ಬೇಸರಪಡುತ್ತದೆ. ಅದರ ಒಂದು ಅಂಚಿನಲ್ಲಿ ಹಸಿರು ಸೀರೆಯುಟ್ಟ ಹೆಣ್ಣುಮಗಳೊಬ್ಬಳು ಕೊಂಬು ಕೈಯಾಡಿಸುತ್ತಿದ್ದರೆ? ಹಳದಿ ಇನ್ನಷ್ಟು ಹಳದಿಯಾಗುತ್ತದೆ, ಕಣ ಎಷ್ಟು ದೊಡ್ಡದೆಂಬ ಅಳತೆಯೂ ಸಿಗುತ್ತದೆ. ಒಂದೇ ಬಗೆಯ ವಿನ್ಯಾಸವಿರಲಿ, ಅದನ್ನು ಮುರಿಯುವ ಒಂದು ವಸ್ತುವೂ ಇರಲಿ. ಮೇಲಿನಿಂದ ತೆಗೆದ ಚಿತ್ರದಲ್ಲಿ ಅಳತೆ ತೋರಿಸಲು ಮನುಷ್ಯ, ಎತ್ತಿನ ಗಾಡಿ, ಸೈಕಲ್ಲು ಇವಕ್ಕಿಂತ ಒಳ್ಳೆಯ ಗಜಕಡ್ಡಿ ಬೇರೆ ಇಲ್ಲ.

ಮೂರನೆಯದು ಖಾಲಿ ಜಾಗ. ಇದಕ್ಕೆ ನಮ್ಮ ಕರ್ನಾಟಕದ ಉದಾಹರಣೆ ಕೊಡುತ್ತೇನೆ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ರೋಜರಿ ಚರ್ಚ್ ನಿಮಗೆ ಗೊತ್ತೇ ಇದೆ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿ ಜಲಾಶಯವಾದ ಮೇಲೆ ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಡ್ರೋನ್ ಇಟ್ಟುಕೊಂಡವರ ಅಚ್ಚುಮೆಚ್ಚಿನ ಜಾಗ. ಬಹಳ ಮಂದಿ ಕಟ್ಟಡವನ್ನೇ ಚೌಕಟ್ಟಿನ ತುಂಬ ತುಂಬುತ್ತಾರೆ. ಕಟ್ಟಡವನ್ನು ಒಂದು ಬದಿಗೆ ಸಣ್ಣದಾಗಿಟ್ಟು, ಉಳಿದದ್ದೆಲ್ಲ ನೀರೇ ಇರುವಂತೆ ಬಿಟ್ಟ ಚಿತ್ರ ಮನಸ್ಸಿಗೆ ಹೆಚ್ಚು ನಾಟುತ್ತದೆ. ನೀರಿನ ಕೆಳಗೆ ಒಂದು ಕಾಲದ ಊರಿದೆ ಎಂಬುದನ್ನು ಆ ಖಾಲಿಯೇ ಹೇಳುತ್ತದೆ. ಹಾಗಾದರೆ ಮೊದಲು ಹೇಳಿದ ಸೂತ್ರಕ್ಕೆ ಇದು ವಿರುದ್ಧವಲ್ಲವೇ? ಅಲ್ಲ. ಅಲ್ಲಿ ವಿಷಯ ಬರೀ ಚರ್ಚಲ್ಲ, ಚರ್ಚು ಮತ್ತು ನೀರು. ವಿಷಯ ದೊಡ್ಡದಾದಾಗ ಎತ್ತರವೂ ದೊಡ್ಡದಾಯಿತು, ಅಷ್ಟೆ.

ಬೆಳಕು ಮತ್ತು ಗೆರೆಚೌಕ

ನಡುಮಧ್ಯಾಹ್ನ ಮೇಲಿಂದ ನೋಡಿದರೆ ನೆರಳು ವಸ್ತುಗಳ ಕಾಲಡಿಯಲ್ಲಿ ಅಡಗಿರುತ್ತದೆ. ಮರ, ಮನೆ, ಮನುಷ್ಯ ಎಲ್ಲ ಕಾಗದದಲ್ಲಿ ಕತ್ತರಿಸಿ ಅಂಟಿಸಿದಂತೆ ಕಾಣುತ್ತವೆ. ಬೆಳಿಗ್ಗೆ ಸೂರ್ಯ ಹುಟ್ಟಿದ ಮೇಲಿನ ಒಂದೂವರೆ ತಾಸು, ಸಂಜೆ ಮುಳುಗುವ ಮುಂಚಿನ ಒಂದೂವರೆ ತಾಸು ನೆರಳು ಉದ್ದವಾಗಿ ಬೀಳುತ್ತದೆ. ಆಗ ವಸ್ತುವಿಗೆ ಮೈ ಬರುತ್ತದೆ. ಸೂರ್ಯ ಡ್ರೋನಿನ ಬೆನ್ನಿಗೂ ಬೇಡ, ಮುಖಕ್ಕೂ ಬೇಡ, ಪಕ್ಕಕ್ಕಿರಲಿ.

ಇನ್ನು ಗೆರೆಚೌಕ. ಡ್ರೋನಿನ ಪರದೆಯಲ್ಲಿ ಅಡ್ಡ ಎರಡು, ಉದ್ದ ಎರಡು ಗೆರೆಗಳನ್ನು ತೋರಿಸುವ ಸೌಲಭ್ಯವಿರುತ್ತದೆ. ನಿಮ್ಮ ಮೊಬೈಲ್ ಕ್ಯಾಮೆರಾದಲ್ಲೂ ಇದೆ. ಗೆರೆಗಳು ಕೂಡುವ ನಾಲ್ಕು ಜಾಗಗಳಲ್ಲಿ ಒಂದರ ಬಳಿ ಮುಖ್ಯ ವಸ್ತುವನ್ನಿಟ್ಟರೆ ಚಿತ್ರಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ದಿಗಂತ ಬರುವುದಿದ್ದರೆ ಅದನ್ನು ಮೇಲಿನ ಗೆರೆಯ ಮೇಲಿಡಿ. ನಡುವೆ ಇಟ್ಟು ಚಿತ್ರವನ್ನು ಎರಡು ಹೋಳು ಮಾಡಬೇಡಿ. ಆಕಾಶದಲ್ಲಿ ಮೋಡವೋ ಬಣ್ಣವೋ ಏನೂ ಇಲ್ಲದಿದ್ದರೆ ಕ್ಯಾಮೆರಾ ಬಾಗಿಸಿ ಆಕಾಶವನ್ನೇ ಬಿಟ್ಟುಬಿಡಿ.

ಇದು ನಿಯಮವೇನಲ್ಲ, ಊರುಗೋಲು. ಕಾಲು ಗಟ್ಟಿಯಾದ ಮೇಲೆ ಬಿಡಬಹುದು. ಆದರೆ ಎರಡು ಅಭ್ಯಾಸಗಳನ್ನು ಬಿಡುವಂತಿಲ್ಲ. ಒಂದು, ಡ್ರೋನ್ ಒಂದೆಡೆ ಸ್ಥಿರವಾಗಿ ನಿಂತ ಮೇಲೆಯೇ ಕ್ಲಿಕ್ಕಿಸುವುದು. ಎರಡು, ಗುಂಡಿ ಒತ್ತುವ ಮೊದಲು ನಾಲ್ಕು ಮೂಲೆ ನೋಡುವುದು. ಅರ್ಧ ಕತ್ತರಿಸಿದ ನೀರಿನ ಟ್ಯಾಂಕು, ಮೊಬೈಲ್ ಟವರು, ನಿಂತ ಲಾರಿ ಮೂಲೆಯಲ್ಲೇ ಅಡಗಿರುತ್ತವೆ. ಎರಡು ಅಡಿ ಸರಿದರೆ ಅವು ಹೊರಗೆ ಹೋಗುತ್ತವೆ. ಒಂದೇ ದೃಶ್ಯವನ್ನು ಮೂರು ಎತ್ತರದಲ್ಲಿ ತೆಗೆಯಿರಿ. ಯಾವುದು ಸರಿಯೆಂದು ಮನೆಗೆ ಬಂದು ನಿಧಾನವಾಗಿ ನೋಡಿದಾಗಲೇ ತಿಳಿಯುವುದು.

ಕಾನೂನಿನ ನಾಲ್ಕು ಮಾತು

ನಮ್ಮ ದೇಶದಲ್ಲಿ 2021ರ ಆಗಸ್ಟ್‌ನಲ್ಲಿ ಡ್ರೋನ್ ನಿಯಮಗಳು ಜಾರಿಗೆ ಬಂದವು. 250 ಗ್ರಾಂವರೆಗಿನ ಡ್ರೋನನ್ನು ನ್ಯಾನೊ ಎನ್ನುತ್ತಾರೆ. ಅದನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಅದಕ್ಕಿಂತ ಭಾರದ, 2 ಕಿಲೋವರೆಗಿನದು ಮೈಕ್ರೊ. ಹವ್ಯಾಸಕ್ಕಾದರೆ ಪ್ರಮಾಣಪತ್ರ ಬೇಡ, ಹಣ ಪಡೆದು ಮದುವೆ ಚಿತ್ರ ತೆಗೆಯುವುದಾದರೆ ಬೇಕು. ಡಿಜಿಟಲ್ ಸ್ಕೈ ಎಂಬ ಸರ್ಕಾರಿ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳನ್ನು ಗುರುತಿಸಿದ್ದಾರೆ. ಹಸಿರಿನಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್‌ವರೆಗೆ ಹಾರಿಸಬಹುದು. ಹಳದಿ, ಕೆಂಪು ವಲಯಗಳಿಗೆ ಅನುಮತಿ ಬೇಕು. ಮಾಧವನಗರದ ಪಕ್ಕದಲ್ಲೇ ಕವಲಾಪುರದ ಹಳೆಯ ವಿಮಾನ ಇಳಿದಾಣವಿದೆ. "ಅಲ್ಲಿ ವಿಮಾನವೇ ಬರುವುದಿಲ್ಲವಲ್ಲ" ಎಂದು ನಾವೇ ತೀರ್ಮಾನ ಮಾಡಬಾರದು, ನಕ್ಷೆ ನೋಡಬೇಕು. ಇದಲ್ಲದೆ ಹಬ್ಬ, ಚುನಾವಣೆಗಳ ಸಮಯದಲ್ಲಿ ಜಿಲ್ಲಾಡಳಿತ ಡ್ರೋನ್ ನಿಷೇಧಿಸುವುದುಂಟು. ಪೊಲೀಸ್ ಠಾಣೆಯಲ್ಲಿ ಒಂದು ಮಾತು ಕೇಳಿದರೆ ನಷ್ಟವೇನಿಲ್ಲ.

ನಮ್ಮ ಚರ್ಚಿನ ಹಬ್ಬಗಳಿಗೂ ಒಂದು ವಿನಂತಿ. ಮೆರವಣಿಗೆಯ ಜನರ ನೆತ್ತಿಯ ಮೇಲೆ ಹಾರಿಸಬೇಡಿ. ಬದಿಯಲ್ಲಿ, ಖಾಲಿ ಜಾಗದ ಮೇಲೆ ನಿಲ್ಲಿಸಿ ಓರೆಯಾಗಿ ತೆಗೆಯಿರಿ. ಬ್ಯಾಟರಿ ಕಾಲು ಭಾಗಕ್ಕೆ ಇಳಿದಾಗ ಡ್ರೋನನ್ನು ಇಳಿಸಿ. ಮಗುವಿನ ತಲೆಯ ಮೇಲೆ ಬಿದ್ದರೆ ಯಾವ ಚಿತ್ರವೂ ಅದಕ್ಕೆ ಪರಿಹಾರವಲ್ಲ.

ಹಂಚಿನ ಮೇಲಿನ ಗುರುತು

ಕ್ರಿಸ್ತಜಯಂತಿಗೆ ಮೂರು ದಿನ ಮುಂಚೆ, ಬೆಳಿಗ್ಗೆ ಎಂಟು ಗಂಟೆಗೆ ಹುಡುಗ ಮತ್ತೆ ಡ್ರೋನ್ ಹಾರಿಸಿದ. ನೆರೆಮನೆಯವರಿಗೆ ಹಿಂದಿನ ದಿನವೇ ಹೇಳಿ ಬಂದಿದ್ದ. ಆ ಸಿಟ್ಟಿನ ಗಂಡನೇ ಬಂದು ಪರದೆ ಇಣುಕುತ್ತ ನಿಂತಿದ್ದ! ಈ ಸಲ ಡ್ರೋನ್ ಓಣಿಯ ಮೇಲೆ, 16 ಮೀಟರ್ ಎತ್ತರದಲ್ಲಿ ನಿಂತಿತು. ಸೂರ್ಯ ಎಡಗಡೆ. ಓಣಿ ಕೆಳಗಿನಿಂದ ಓರೆಯಾಗಿ ಒಳಗೆ ಸಾಗಿತ್ತು. ಹಂಚಿನ ಮನೆ ಬಲಗಡೆಯ ಗೆರೆಯ ಮೇಲೆ. ಆಕಾಶ ಬಿಡಲಾಗಿತ್ತು.

ಅಜ್ಜಿ ಮಾತ್ರ ಹೊಸ ಸೀರೆಯುಟ್ಟು ಬಾಗಿಲಲ್ಲಿ ಸಿಪಾಯಿಯಂತೆ ನೆಟ್ಟಗೆ ನಿಂತು ಆಕಾಶ ನೋಡತೊಡಗಿದರು. "ಆಯೀ, ಮ್ಯಾಲ ನೋಡಬ್ಯಾಡ. ದಿನಾ ಏನ ಮಾಡ್ತೀಯೋ ಅದನ್ನ ಮಾಡು" ಎಂದ ಮೊಮ್ಮಗ. ಅವರು ಗೊಣಗುತ್ತ ಒಳಗೆ ಹೋಗಿ ಮೊರ ತಂದರು. ಅಂಗಳದಲ್ಲಿ ಕೂತು ಜೋಳ ಹಸನು ಮಾಡತೊಡಗಿದರು. ಸ್ವಲ್ಪ ಹೊತ್ತಿಗೆ ಡ್ರೋನ್ ಇರುವುದೇ ಅವರಿಗೆ ಮರೆತುಹೋಯಿತು. ಆಗ ಹುಡುಗ ಗುಂಡಿ ಒತ್ತಿದ.

ಸಂಜೆ ಚಿತ್ರ ತೋರಿಸಿದಾಗ "ನಮ್ಮ ಮನಿ ಯಾವುದು" ಎಂದು ಅಜ್ಜಿ ಕೇಳಲಿಲ್ಲ. ಬೆರಳು ತಾನೇ ಓಡಿತು. "ಇದು ನುಗ್ಗಿ ಗಿಡ. ಇದು ನಾ ಕುಂತದ್ದು. ನಕ್ಷತ್ರ ಕಾಣಸ್ತೈತಿ ನೋಡ." ಆಮೇಲೆ ಬೆರಳು ಹಂಚಿನ ಮೇಲೆ ನಿಂತಿತು. ಹಳೆಯ ಕಪ್ಪಿಟ್ಟ ಹಂಚುಗಳ ನಡುವೆ ಒಂದೆಡೆ ಹತ್ತು ಹನ್ನೆರಡು ಹಂಚು ಬೇರೆ ಬಣ್ಣದವು. ಒಂದು ಮಳೆಗಾಲದಲ್ಲಿ ಸೋರುತ್ತಿದ್ದಾಗ ಅಜ್ಜ ತಾವೇ ಏಣಿ ಹಾಕಿ ಹತ್ತಿ ಕೂಡಿಸಿದ್ದಂತೆ. ಹೊಸ ಹಂಚು ಹಳೆಯದಕ್ಕೆ ಹೊಂದಲಿಲ್ಲವೆಂದು ಅವರು ಬಹಳ ದಿನ ಪೇಚಾಡಿದ್ದರಂತೆ.

"ಐವತ್ತು ವರ್ಷ ಇದರ ಕೆಳಗ ಇದ್ದೆ ಫಾದರ್. ಮ್ಯಾಲ ಹೆಂಗ ಐತಿ ಅಂತ ಒಮ್ಮೆನೂ ನೋಡಿದ್ದಿಲ್ಲ. ಅವರು ದಿನಾ ಹೇಳತಿದ್ರು, ನಾನs ಕಿವಿಗೆ ಹಾಕ್ಕೊಂಡಿದ್ದಿಲ್ಲ" ಎಂದರು ಅಜ್ಜಿ. ಮುಂದೆ ಮಾತನಾಡಲಿಲ್ಲ. ಹುಡುಗನೂ ಸುಮ್ಮನಿದ್ದ.

ಡ್ರೋನ್ ಚಿತ್ರದ ಗುಟ್ಟು ನನಗೆ ಅರ್ಥವಾಗಿರುವಷ್ಟು ಇದು: ನೋಡುವವನಿಗೆ ಗೊತ್ತಿರುವ ಒಂದು ವಸ್ತುವನ್ನು ಮೊದಲು ಕೈಗೆ ಕೊಡಬೇಕು. ನುಗ್ಗೆ ಮರ, ಕಟ್ಟೆ, ಮೊರ ಹಿಡಿದ ಕೈ. ಅದನ್ನು ಹಿಡಿದುಕೊಂಡ ಮೇಲೆಯೇ ಅವನ ಕಣ್ಣು ಈವರೆಗೆ ಕಾಣದ್ದನ್ನು ಕಾಣಲು ಹೊರಡುತ್ತದೆ. 118 ಮೀಟರಿನಲ್ಲಿ ಕಾಣದ ಆ ಹತ್ತು ಹಂಚು 16 ಮೀಟರಿನಲ್ಲಿ ಕಂಡವು.

ನಿಮ್ಮ ಮನೆಯಲ್ಲಿ ಡ್ರೋನ್ ಇಲ್ಲದಿದ್ದರೂ ಈ ರಜೆಯಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಡಿ. ಮಹಡಿಯನ್ನೋ, ಊರ ಹತ್ತಿರದ ಗುಡ್ಡವನ್ನೋ ಹತ್ತಿ ಮೊಬೈಲಿನಲ್ಲಿ ಒಂದೇ ಜಾಗದ ಮೂರು ಚಿತ್ರ ತೆಗೆಯಲಿ: ಒಂದು ಎಲ್ಲವೂ ಕಾಣುವಂತೆ, ಒಂದು ಅರ್ಧ ಕಾಣುವಂತೆ, ಒಂದು ಮನೆಯ ಹಿರಿಯರೊಬ್ಬರು ಕಾಣುವಂತೆ. ಮೂರನ್ನೂ ಆ ಹಿರಿಯರ ಮುಂದಿಟ್ಟು ಯಾವುದು ಇಷ್ಟವೆಂದು ಕೇಳಲಿ. ಯಾಕೆಂದೂ ಕೇಳಲಿ. ಉತ್ತರ ಕೇಳಲು ಸ್ವಲ್ಪ ಹೊತ್ತು ಕೂರಲಿ.

ಮಾಧವನಗರದ ಆ ಮನೆಯನ್ನು 2025ರ ಜನವರಿಯಲ್ಲಿ ಕೆಡವಿದರು. ಹೊಸ ಮನೆಯ ನಡುಮನೆಯಲ್ಲಿ ಚಿತ್ರ ತೂಗುಹಾಕಿದ್ದಾರೆ. ಅಜ್ಜನ ಆ ಹಂಚುಗಳಲ್ಲಿ ಎರಡನ್ನು ಅಜ್ಜಿ ಹಠ ಹಿಡಿದು ತೆಗೆಸಿ ಇಟ್ಟುಕೊಂಡಿದ್ದಾರೆ.